ಕಳ್ಳನ ದಾರಿ ಮೊದಲು, ಅಲಾರಂ ಪೆಟ್ಟಿಗೆ ಆಮೇಲೆ

(ಬ್ಲಾಕಿನ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಯ ಅಂಗಳದಲ್ಲಿ ನಡೆದ ರೈತರ ಸಭೆಯಲ್ಲಿ ಒಬ್ಬ ಅಡಿಕೆ ಬೆಳೆಗಾರರು ಮಾಡಿದ ಭಾಷಣ)



ಹೋದ ಸಭೆಯಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ವಿಚಾರ ಕೇಳಿದಿರಿ. ಅದು ಮರದ ಮೇಲಿನ ಅಡಿಕೆಯನ್ನು ಕಾಯುವ ಮಾತಾಯಿತು. ಸುಲಿದು, ಬೇಯಿಸಿ, ಒಣಗಿಸಿ, ಚೀಲ ತುಂಬಿ ಒಳಗಿಟ್ಟ ಅಡಿಕೆಯನ್ನು ಕಾಯುವ ಮಾತು ಇವತ್ತು ನನ್ನ ಪಾಲಿಗೆ ಬಂದಿದೆ. ನಾನು ಇಂಜಿನಿಯರ್ ಅಲ್ಲ, ಮೂರು ಎಕರೆ ತೋಟದವನು. ಈ ವಿಷಯದಲ್ಲಿ ಮಾತನಾಡಲು ನನಗಿರುವ ಯೋಗ್ಯತೆ ಒಂದೇ. ಮನೆಗೆ ಅಲಾರಂ ಹಾಕಿಸಿಯೂ ಆರು ಚೀಲ ಅಡಿಕೆ ಕಳೆದುಕೊಂಡವನು ನಾನು.

ಬಾಗಿಲಿಗೆ ಸದ್ದು ಕಟ್ಟುವುದು ಹೊಸ ವಿದ್ಯೆಯೇನೂ ಅಲ್ಲ. ನಮ್ಮ ಅಜ್ಜಿ ರಾತ್ರಿ ಹಿತ್ತಿಲ ಬಾಗಿಲಿಗೆ ಒಳಗಡೆಯಿಂದ ಒಂದು ಹಿತ್ತಾಳೆ ಚೊಂಬನ್ನು ಒರಗಿಸಿ ಮಲಗುತ್ತಿದ್ದರು. ಯಾರಾದರೂ ಕದ ತಳ್ಳಿದರೆ ಚೊಂಬು ಉರುಳಿ ಮನೆಮಂದಿಯೆಲ್ಲ ಏಳಬೇಕು. ಇದೇ ಕೆಲಸವನ್ನು ವಿದ್ಯುತ್ತಿನಿಂದ ಮಾಡಿಸುವ ಸಾಧನಕ್ಕೆ ಅಮೆರಿಕದಲ್ಲಿ 1853ರಲ್ಲಿ ಆಗಸ್ಟಸ್ ಪೋಪ್ ಎಂಬುವರು ಪೇಟೆಂಟ್ ಪಡೆದರು. ಬಾಗಿಲಿನಿಂದ ಗಂಟೆಯವರೆಗೆ ತಂತಿ ಎಳೆದಿರುತ್ತಿತ್ತು. ಈಗ ತಂತಿ ಬೇಡ, ಪೇಟೆಯಲ್ಲಿ ಒಂದು ರಟ್ಟಿನ ಡಬ್ಬಿಯಲ್ಲಿ ಎಲ್ಲವೂ ಸಿಗುತ್ತದೆ.

ಆ ಡಬ್ಬಿಯಲ್ಲಿ ಏನಿರುತ್ತದೆ ಎಂದು ಮೊದಲು ಹೇಳುತ್ತೇನೆ. ಒಂದು ಮುಖ್ಯ ಪೆಟ್ಟಿಗೆ, ಒಂದು ಸೈರನ್, ಬಾಗಿಲು ಕಿಟಕಿಗಳಿಗೆ ಅಂಟಿಸುವ ಕೆಲವು ಸೆನ್ಸರುಗಳು. ಸೆನ್ಸರಿಗೆ ಎರಡು ತುಂಡು. ಚಿಕ್ಕದರಲ್ಲಿ ಇರುವುದು ಬರಿಯ ಅಯಸ್ಕಾಂತ. ದೊಡ್ಡದರಲ್ಲಿ ಬೆರಳುಗುರಿನಷ್ಟು ಉದ್ದದ ಒಂದು ಗಾಜಿನ ಕೊಳವೆ, ಅದರೊಳಗೆ ಎರಡು ತೆಳ್ಳಗಿನ ಕಬ್ಬಿಣದ ನಾಲಗೆಗಳು. ಇಂಥ ಕೊಳವೆಯನ್ನು 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ರೂಪಿಸಿದರು. ಅಯಸ್ಕಾಂತ ಹತ್ತಿರವಿದ್ದಾಗ ನಾಲಗೆಗಳು ಕೂಡಿಕೊಂಡಿರುತ್ತವೆ. ಬಾಗಿಲು ತೆರೆದು ಅಯಸ್ಕಾಂತ ದೂರವಾದರೆ ಬಿಟ್ಟುಕೊಳ್ಳುತ್ತವೆ. ಆ ಕ್ಷಣದಲ್ಲಿ ಸೆನ್ಸರು ರೇಡಿಯೋ ಅಲೆಯ ಮೂಲಕ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ, ಪೆಟ್ಟಿಗೆ ಸೈರನ್ ಕೂಗಿಸುತ್ತದೆ, ನಿಮ್ಮ ಮೊಬೈಲಿಗೆ ಕರೆ ಮಾಡುತ್ತದೆ.

ಇಲ್ಲಿ ಒಂದು ಅಳತೆಯನ್ನು ಮನಸ್ಸಿನಲ್ಲಿಡಿ. ಎರಡು ತುಂಡುಗಳ ನಡುವೆ ಒಂದೂವರೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಸಂದು ಬಿದ್ದರೆ ಸಾಮಾನ್ಯವಾಗಿ ಸೆನ್ಸರಿನ ಲೆಕ್ಕದಲ್ಲಿ ಬಾಗಿಲು ತೆರೆದಂತೆಯೇ. ತೆರೆದವನು ಕಳ್ಳನೋ, ಗಾಳಿಯೋ, ಮಳೆಯೋ ಅದಕ್ಕೆ ಗೊತ್ತಿಲ್ಲ.

ನನಗೂ ಅಂದು ಗೊತ್ತಿರಲಿಲ್ಲ. ಪೇಟೆಯಿಂದ ತಂದ ದಿನವೇ ಎಲ್ಲ ಬಾಗಿಲಿಗೂ ಎಲ್ಲ ಕಿಟಕಿಗೂ ಅಂಟಿಸಿಬಿಟ್ಟೆ. ಬೇಸಿಗೆಯಲ್ಲಿ ಬಹಳ ಚೆನ್ನಾಗಿ ನಡೆಯಿತು, ಬಂದ ನೆಂಟರಿಗೆಲ್ಲ ಕೂಗಿಸಿ ತೋರಿಸಿದೆ. ಆರಿದ್ರಾ ಮಳೆ ಹಿಡಿದ ಮೇಲೆ ಹಿತ್ತಿಲ ಬಾಗಿಲಿನ ಮರ ನೀರು ಕುಡಿದು ಉಬ್ಬಿತು. ಕದ ಚೌಕಟ್ಟಿನೊಳಗೆ ಪೂರ್ತಿ ಕೂರದೆ ಒಂದು ಬೆರಳಷ್ಟು ಹೊರಗೇ ನಿಲ್ಲುತ್ತಿತ್ತು. ಗಾಳಿ ಬೀಸಿದಾಗ ಇನ್ನಷ್ಟು ಅಲುಗಿ ನಡುರಾತ್ರಿ ಸೈರನ್. ಒಂದು ತಿಂಗಳಲ್ಲಿ ಏಳು ಸಲ ಕೂಗಿತು. ಪಕ್ಕದ ಮನೆಯ ಅಣ್ಣ ಏಳು ಸಲವೂ ಗೊಪ್ಪೆ ಹಾಕಿಕೊಂಡು, ಬ್ಯಾಟರಿ ಹಿಡಿದು, ಕೆಸರು ತುಳಿದುಕೊಂಡು ಬಂದರು. ಏಳು ಸಲವೂ ನಾನು "ಏನಿಲ್ಲ ಅಣ್ಣ, ಬಾಗಿಲು" ಎಂದು ಹೇಳಿ ಕಳಿಸಿದೆ.

ಪುನರ್ವಸು ಮಳೆಯ ಒಂದು ರಾತ್ರಿ ನಾವೆಲ್ಲ ಸಂಬಂಧಿಕರ ತಿಥಿಗೆಂದು ಪರ ಊರಿನಲ್ಲಿದ್ದೆವು. ಎರಡು ಗಂಟೆಗೆ ಮೊಬೈಲಿಗೆ ಕರೆ ಬಂತು. ನಿಜ ಹೇಳುತ್ತೇನೆ, ಬಾಗಿಲು ಮತ್ತೆ ಉಬ್ಬಿತು ಎಂದುಕೊಂಡು ನಾನೇ ಮಗ್ಗುಲು ಬದಲಾಯಿಸಿದೆ. ನನ್ನ ಹೆಂಡತಿ ಬಿಡಲಿಲ್ಲ. ಅವಳ ಒತ್ತಾಯಕ್ಕೆ ಪಕ್ಕದ ಮನೆಗೆ ಫೋನ್ ಮಾಡಿದೆ. "ನಿನ್ನ ಬಾಗಿಲಿನ ಸಮಾಚಾರ ಇದ್ದದ್ದೇ ಮಾರಾಯ, ಬೆಳಗಾಗಲಿ, ನೋಡ್ತೀನಿ" ಎಂದರು ಅಣ್ಣ. ಅವರನ್ನು ನಾನು ಯಾವ ಬಾಯಿಂದ ದೂರಲಿ? ಬೆಳಿಗ್ಗೆ ನೋಡಿದರೆ ಚಿಲಕ ಕಿತ್ತು ಬಂದಿತ್ತು, ಕೋಣೆಯಲ್ಲಿ ಆರು ಚೀಲ ಇರಲಿಲ್ಲ. ರೇಟು ಬರಲಿ ಎಂದು ಕಾದಿಟ್ಟ ಮಾಲು ಅದು. ಅದರಲ್ಲಿ ಸೊಸೈಟಿಯ ಕಂತು ಇತ್ತು, ಮಗಳ ನರ್ಸಿಂಗ್ ಕಾಲೇಜಿನ ಫೀಸಿತ್ತು. ಕಾಲೇಜಿಗೆ ಅವಳು ಒಂದು ವರ್ಷ ತಡವಾಗಿ ಸೇರಿದಳು.

ಪೆಟ್ಟಿಗೆ ಆ ರಾತ್ರಿ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಕೆಟ್ಟದ್ದು ನಾನು ಹಾಕಿಸಿದ ಕ್ರಮ. ಆದುದರಿಂದ ಯಾವ ಕಂಪನಿಯದು ಒಳ್ಳೆಯದು ಎಂದು ಕೇಳುವ ಮೊದಲು ಒಂದು ಹಾಳೆಯ ಮೇಲೆ ನಿಮ್ಮ ಮನೆಯ ನಕ್ಷೆ ಬರೆಯಿರಿ. ಮಕ್ಕಳ ಕೈಯಲ್ಲಿ ಬರೆಸಿದರೂ ಆದೀತು. ಆಮೇಲೆ ಸಾಯಂಕಾಲ ಮನೆಯ ಹೊರಗಡೆ ಒಂದು ಸುತ್ತು ಬನ್ನಿ, ಒಳಗಡೆ ಅಲ್ಲ, ಹೊರಗಡೆ. ನಾನೇ ಕಳ್ಳನಾದರೆ ಎಲ್ಲಿಂದ ಒಳಗೆ ಹೋದೇನು ಎಂದು ನೋಡಿ. ಬೀದಿಗೆ ಕಾಣುವ ಮುಂಬಾಗಿಲನ್ನು ಅವನು ಸಾಧಾರಣವಾಗಿ ಮುಟ್ಟಲಾರ. ಬಚ್ಚಲ ಕಡೆಯ ಬಾಗಿಲು, ಸೌದೆ ಕೊಟ್ಟಿಗೆಯಿಂದ ಅಡಿಗೆಮನೆಗೆ ಬರುವ ದಾರಿ, ದನದ ಕೊಟ್ಟಿಗೆಯ ಮಾಡಿನ ಮೇಲೆ ಹತ್ತಿದರೆ ಕೈಗೆ ಸಿಗುವ ಅಟ್ಟದ ಕಿಂಡಿ, ಇವು ಅವನ ದಾರಿಗಳು. ಒಂದೊಂದಕ್ಕೂ ನಕ್ಷೆಯಲ್ಲಿ ಗುರುತು ಹಾಕಿ.

ಕಿಟಕಿಗಳ ವಿಷಯದಲ್ಲಿ ದುಡ್ಡು ಉಳಿಸಬಹುದು. ನಮ್ಮ ಕಡೆಯ ಕಿಟಕಿಗೆ ಕಬ್ಬಿಣದ ಸರಳುಂಟು. ಸರಳು ಗಟ್ಟಿಯಾಗಿದ್ದರೆ, ಬಾಗಿಲು ತೆರೆದರೂ ಮನುಷ್ಯ ನುಗ್ಗಲಾರ. ಅಂಥ ಕಡೆ ಸೆನ್ಸರು ಅನಾವಶ್ಯಕ. ತುಕ್ಕು ಹಿಡಿದ ಸರಳು, ಮರದ ಸರಳು, ಹೊಸ ಮನೆಗಳ ಜಾರುವ ಗಾಜಿನ ಕಿಟಕಿ, ಇವಕ್ಕೆ ಬೇಕು. ಆದರೆ ಬಾಗಿಲು ತೆರೆಯದೆ ಗಾಜು ಒಡೆದು ಒಳಬಂದರೆ ಈ ಸೆನ್ಸರಿಗೆ ತಿಳಿಯುವುದಿಲ್ಲ. ನಾನು ಮೊದಲು ಒಂಬತ್ತು ಕಿಟಕಿಗೂ ಹಾಕಿಸಿದ್ದೆ. ಈಗ ಇರುವುದು ಎರಡಕ್ಕೆ ಮಾತ್ರ.

ಬಾಗಿಲಿಗೆ ಬರೋಣ. ಸಡಿಲ ಬಾಗಿಲಿಗೆ ಮೊದಲು ಬಡಗಿಯನ್ನು ಕರೆಸಿ. ಉಬ್ಬುವ ಕದವನ್ನು ಮಳೆಗಾಲದಲ್ಲಿಯೇ ನೋಡಿ ಗುರುತು ಮಾಡಿಕೊಂಡು, ಒಣಗಿದ ಮೇಲೆ ಹತ್ತರಿ ಹೊಡೆಸಿ ಎಣ್ಣೆ ಹಚ್ಚಿ. ಅಲುಗದಂತೆ ಚಿಲಕ ಬಿಗಿ ಮಾಡಿಸಿ. ಆಮೇಲೆ ಸೆನ್ಸರು. ಅದನ್ನು ಬಿಜಾಗರಿಯ ಕಡೆ ಹಾಕಿದರೆ ಕದ ಬಹಳಷ್ಟು ತೆರೆದ ಮೇಲೆ ತಿಳಿಯುತ್ತದೆ. ತೆರೆಯುವ ಅಂಚಿನ ಕಡೆ, ಮೇಲ್ಗಡೆ ಹಾಕಿ. ಎರಡು ತುಂಡುಗಳ ನಡುವೆ ಅರ್ಧ ಸೆಂಟಿಮೀಟರು ಸಂದು ಇದ್ದರೆ ಮರ ಸ್ವಲ್ಪ ಹಿಗ್ಗಿ ಕುಗ್ಗಿದರೂ ತಾಳಿಕೊಳ್ಳುತ್ತದೆ. ನಮ್ಮ ಹಳೇ ಮನೆಗಳ ಜೋಡಿ ಕದದ ಬಾಗಿಲಿಗೆ ಒಂದು ಸೆನ್ಸರು ಸಾಲದು, ಕದಕ್ಕೊಂದರಂತೆ ಎರಡು ಬೇಕು. ಕಬ್ಬಿಣದ ಬಾಗಿಲಿಗೆ ನೇರವಾಗಿ ಅಂಟಿಸಿದರೆ ಕಬ್ಬಿಣವೇ ಅಯಸ್ಕಾಂತದ ಶಕ್ತಿಯನ್ನು ಎಳೆದುಕೊಳ್ಳುತ್ತದೆ. ನಡುವೆ ಒಂದು ಮರದ ಚೂರು ಕೊಡಬೇಕು, ಇಲ್ಲವೇ ಶಟರಿಗೆಂದೇ ಮಾಡಿದ ದೊಡ್ಡ ಸೆನ್ಸರು ತರಬೇಕು. ಡಬ್ಬಿಯ ಜೊತೆ ಬರುವ ಅಂಟು ಪಟ್ಟಿಯನ್ನು ನಮ್ಮ ಮಳೆಗಾಲದಲ್ಲಿ ನಂಬಬೇಡಿ. ತಿರುಪು ಹಾಕಿಸಿ.

ಹೆಂಚು ತೆಗೆದು ಇಳಿಯುವವನಿಗೆ ಏನು ಮಾಡುವುದು ಎಂದು ಹಿಂದೆ ಕುಳಿತವರು ಯಾರೋ ಕೇಳುತ್ತಿದ್ದಾರೆ. ಸರಿಯಾದ ಪ್ರಶ್ನೆ. ಹೆಂಚಿಗೆ ಈ ಸೆನ್ಸರು ಬರುವುದಿಲ್ಲ. ಅಡಿಕೆ ಇಡುವ ಕೋಣೆಯೊಳಗೆ ಚಲನೆ ಗುರುತಿಸುವ ಇನ್ನೊಂದು ಬಗೆಯ ಸೆನ್ಸರು ಹಾಕಬೇಕು. ಮನುಷ್ಯನ ಮೈ ಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಾಗ ಅದು ಎಚ್ಚರಗೊಳ್ಳುತ್ತದೆ. ನೇರ ಎದುರಿಗೆ ಬರುವವನಿಗಿಂತ ಅಡ್ಡ ಹಾಯುವವನನ್ನು ಚೆನ್ನಾಗಿ ಹಿಡಿಯುತ್ತದೆ. ಆದುದರಿಂದ ಕೋಣೆಯ ಮೂಲೆಯಲ್ಲಿ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಚೀಲಗಳ ಮುಂದಿನ ದಾರಿಯನ್ನು ಅದು ಅಡ್ಡಲಾಗಿ ನೋಡುವಂತೆ ಕೂರಿಸಿ. ಒಲೆಯ ಕಡೆಗೂ ಬಿಸಿಲು ಬೀಳುವ ಕಿಟಕಿಯ ಕಡೆಗೂ ಮುಖ ಮಾಡಿಸಕೂಡದು. ಬೆಕ್ಕು ಚೀಲದ ಮೇಲೆ ನೆಗೆದರೂ ಅದು ಕೂಗಬಹುದು. ಅಡಿಕೆ ಕೋಣೆಯಲ್ಲಿ ಬೆಕ್ಕು ಬಿಡುವ ಮನೆಯವರು ಬೆಕ್ಕು ಬೇಕೋ ಸೆನ್ಸರು ಬೇಕೋ ತೀರ್ಮಾನಿಸಿಕೊಳ್ಳಿ. ನಮ್ಮ ಮನೆಯಲ್ಲಿ ಈ ಚರ್ಚೆ ಎರಡು ದಿನ ನಡೆಯಿತು, ಕೊನೆಗೆ ಬೆಕ್ಕನ್ನು ರಾತ್ರಿ ನಡುಮನೆಗೆ ಕೂಡುವುದೆಂದಾಯಿತು.

ಇನ್ನು ರೇಡಿಯೋ ಅಲೆ. ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟು 433 ಮೆಗಾಹರ್ಟ್ಸ್ ಸುಮಾರಿನಲ್ಲಿ ಕೆಲಸ ಮಾಡುತ್ತವೆ. ಬಯಲಿನಲ್ಲಿ ದೂರ ಹೋಗುವ ಅಲೆ, ದಪ್ಪ ಜಂಬಿಟ್ಟಿಗೆ ಗೋಡೆ ಎರಡು ಮೂರು ಅಡ್ಡ ಬಂದರೆ ಸೋಲುತ್ತದೆ. ಕಬ್ಬಿಣದ ಬೀರು, ತಗಡಿನ ಮರೆ, ನೀರಿನ ತೊಟ್ಟಿ ಇದ್ದರೆ ಇನ್ನೂ ಸೋಲುತ್ತದೆ. ಡಬ್ಬಿಯ ಮೇಲೆ ಬರೆದ ಮೀಟರ್ ಲೆಕ್ಕ ಬಯಲಿನದು. ತಿರುಪು ಹಾಕುವ ಮೊದಲು ಸೆನ್ಸರನ್ನು ಅದರ ಜಾಗದಲ್ಲಿ ಕೈಯಲ್ಲಿ ಹಿಡಿದು, ಮನೆಯ ಎಲ್ಲ ಬಾಗಿಲು ಹಾಕಿಸಿ, ಹತ್ತು ಸಲ ಪರೀಕ್ಷೆ ಮಾಡಿ. ಹತ್ತಕ್ಕೆ ಹತ್ತೂ ಮುಟ್ಟಬೇಕು. ಒಂಬತ್ತು ಮುಟ್ಟಿದರೆ ಪೆಟ್ಟಿಗೆಯ ಜಾಗ ಬದಲಿಸಿ. ಪೆಟ್ಟಿಗೆ ಮನೆಯ ನಡುಮಧ್ಯದಲ್ಲಿ ಇರಲಿ, ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಬೀಳುವ ಕಡೆ ಬೇಡ. ಸೈರನ್ ಮಾತ್ರ ಹೊರಗಡೆ, ಏಣಿ ಇಲ್ಲದೆ ಕೈಗೆಟುಕದ ಎತ್ತರದಲ್ಲಿ, ಮಾಡಿನ ಅಡಿ ಇರಬೇಕು. ನಾನು ನಡುಮನೆಯಲ್ಲಿಟ್ಟಿದ್ದೆ. ತಗಡಿನ ಮೇಲೆ ಮಳೆ ಸುರಿಯುವಾಗ ಬೀದಿಗೆ ಅದರ ಸದ್ದೇ ಕೇಳುತ್ತಿರಲಿಲ್ಲ.

ಅಂಗಡಿಯವರನ್ನು ಇಷ್ಟು ಕೇಳಿ. ಕರೆಂಟು ಹೋದರೆ ಪೆಟ್ಟಿಗೆ ತನ್ನೊಳಗಿನ ಬ್ಯಾಟರಿಯಲ್ಲಿ ಎಷ್ಟು ಗಂಟೆ ನಡೆಯುತ್ತದೆ? ನಮ್ಮಲ್ಲಿ ಗಾಳಿಮಳೆಗೆ ಒಂದು ರಾತ್ರಿಯಿಡೀ ಕರೆಂಟು ಹೋಗುವುದುಂಟು, ಅಷ್ಟಾದರೂ ತಡೆಯಬೇಕು. ಸೆನ್ಸರಿನ ಸೆಲ್ಲು ಮುಗಿಯುತ್ತ ಬಂದರೆ ಪೆಟ್ಟಿಗೆ ತಿಳಿಸುತ್ತದೆಯೇ? ಅಗ್ಗದವು ಕೆಲವು ತಿಳಿಸುವುದಿಲ್ಲ, ಸತ್ತ ಸೆನ್ಸರು ಬಾಗಿಲಲ್ಲಿ ಸುಮ್ಮನೆ ಕೂತಿರುತ್ತದೆ. ಒಳಗೆ ಹಾಕುವ ಸಿಮ್ 2ಜಿಯದೋ 4ಜಿಯದೋ? 2ಜಿ ಮಾತ್ರ ಬಲ್ಲ ಪೆಟ್ಟಿಗೆಗೆ, 4ಜಿ ಮಾತ್ರ ನಡೆಸುವ ಕಂಪನಿಯ ಸಿಮ್ ಹಾಕಿದರೆ ಕರೆಯೇ ಹೋಗದು. ನಿಮ್ಮ ಮನೆಯೊಳಗೆ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಎಂದು ಮೊದಲೇ ನೋಡಿಕೊಂಡು ಹೋಗಿ. ಸಿಮ್ಮಿಗೆ ಕರೆನ್ಸಿ ಹಾಕಿಸುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ರಾತ್ರಿ ಮನೆಯವರು ಒಳಗೆ ಓಡಾಡುವಾಗ ಹೊರ ಬಾಗಿಲುಗಳನ್ನು ಮಾತ್ರ ಕಾಯುವ ಏರ್ಪಾಡು ಇರಬೇಕು. ಅದಿಲ್ಲದಿದ್ದರೆ ವಯಸ್ಸಾದವರು ರಾತ್ರಿ ನೀರಿಗೆದ್ದಾಗಲೆಲ್ಲ ಸೈರನ್ ಕೂಗಿ, ಮೂರನೆಯ ದಿನ ನೀವೇ ಅದನ್ನು ಆರಿಸಿಡುತ್ತೀರಿ. ಅಂಗಡಿಯವರು ಹೇಳದ ಮಾತು ಇನ್ನೊಂದುಂಟು. ವಿದ್ಯೆ ಬಲ್ಲ ಕಳ್ಳ ಈ ಅಲೆಯನ್ನು ಬೇರೆ ಅಲೆಯಿಂದ ಅಡಗಿಸಬಲ್ಲ. ಹಾಗೆಂದು ಬೀಗ, ಅಗುಳಿ, ನಾಯಿ ಇವನ್ನು ಕೈಬಿಡಕೂಡದು.

ಕಡೆಗೆ ನೆರೆಯವರ ಮಾತು. ಪೆಟ್ಟಿಗೆಯಲ್ಲಿ ನಾಲ್ಕೈದು ನಂಬರು ಸೇರಿಸಬಹುದು. ಮೊದಲನೆಯದು ನಿಮ್ಮದಾದರೆ ಎರಡನೆಯದು ದೂರದ ಪಟ್ಟಣದಲ್ಲಿರುವ ಮಗನದಾಗುವುದು ಬೇಡ, ಕೂಗಳತೆಯಲ್ಲಿ ಇರುವವರದಾಗಲಿ. ಅವರನ್ನು ಮೊದಲೇ ಕೇಳಿ, ಒಪ್ಪಿಗೆ ಪಡೆದು ಸೇರಿಸಿ. ಸೈರನ್ ಕೇಳಿದರೆ ಏನು ಮಾಡಬೇಕೆಂದು ಕೂತು ಮಾತಾಡಿಕೊಳ್ಳಿ. ಒಬ್ಬರೇ ಒಳಗೆ ನುಗ್ಗಬಾರದು. ದೀಪ ಹಾಕಬೇಕು, ಕೂಗಬೇಕು, ನಾಲ್ಕು ಮನೆಯವರು ಸೇರಬೇಕು, 112ಕ್ಕೆ ಫೋನ್ ಮಾಡಬೇಕು. ಮನೆಗೆ ಬೀಗ ಹಾಕಿ ಎರಡು ದಿನ ಹೋಗುವುದಿದ್ದರೆ ಬೀಟ್ ಪೊಲೀಸಿನವರಿಗೂ ಒಂದು ಮಾತು ತಿಳಿಸಿ. ಜಾತ್ರೆಗೆ ಹೊರಟ ಫೋಟೋವನ್ನು ಅಂದೇ ವಾಟ್ಸಾಪಿನಲ್ಲಿ ಊರಿಗೆಲ್ಲ ತೋರಿಸದಿದ್ದರೆ ಒಳ್ಳೆಯದು.

ಸುಳ್ಳು ಕೂಗು ಒಂದು ಬಂದರೆ ಮರುದಿನವೇ ಕಾರಣ ಹುಡುಕಿ ಸರಿಪಡಿಸಿ, ಬಂದ ನೆರೆಯವರಿಗೆ ಕಾರಣ ಏನೆಂದು ಹೇಳಿ. ನಾನು ಈಗ ಹಾಗೆ ಮಾಡುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಕೂಗಿದ್ದು ಒಂದೇ ಸಲ, ಅದೂ ಬಚ್ಚಲ ಕಡೆಯ ಬಾಗಿಲಿಗೆ ನಾನೇ ಚಿಲಕ ಹಾಕಲು ಮರೆತಿದ್ದೆ. ಅಣ್ಣ ಬಂದರು. ಬೈದರು. ಆದರೆ ಬಂದರು.

ಪ್ರತಿ ತಿಂಗಳ ಮೊದಲ ದಿನ ಒಂದೊಂದೇ ಬಾಗಿಲು ತೆರೆದು ಪರೀಕ್ಷಿಸುತ್ತೇವೆ, ಆ ಕೆಲಸ ಮಗಳದು. ಸೆನ್ಸರುಗಳ ಸೆಲ್ಲನ್ನು ಆಯುಧಪೂಜೆಯ ದಿನ, ಪಂಪು ಟಿಲ್ಲರು ತೊಳೆದು ಕುಂಕುಮ ಇಡುವ ಹೊತ್ತಿಗೆ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸುತ್ತೇವೆ. ಕೆಲವು ಸೆಲ್ಲು ಇನ್ನೂ ನಡೆಯುತ್ತಿರುತ್ತವೆ, ಅವನ್ನು ಗೋಡೆ ಗಡಿಯಾರಕ್ಕೆ ಹಾಕೋಣವೆಂದರೆ ಅಳತೆ ಬೇರೆ.

ಒಂದು ಸೆನ್ಸರು, ಒಂದು ಸಣ್ಣ ಪೆಟ್ಟಿಗೆ ತಂದಿದ್ದೇನೆ. ಡೈರಿಯ ಈ ಬಾಗಿಲಿಗೇ ಹಿಡಿದು ತೋರಿಸುತ್ತೇನೆ. ಹಾಲು ಅಳೆಯುವವರು ಸ್ವಲ್ಪ ಹೊತ್ತು ಬಾಗಿಲು ಬಿಟ್ಟುಕೊಡಬೇಕು. ಮನೆಯ ನಕ್ಷೆ ಬರೆದು ತಂದವರು ಇದ್ದರೆ ಮುಂದೆ ಬನ್ನಿ, ಹಿತ್ತಿಲ ಕಡೆಯಿಂದ ನೋಡಲು ಶುರುಮಾಡೋಣ.