ಕೋಟೆಯೊಳಗೊಂದು ಪುಟ್ಟ ಹೋಟೆಲ್



ಹೋಟೆಲ್ ಎಂದರೆ ನಮ್ಮ ಊರುಗಳಲ್ಲಿ ಮೊದಲು ನೆನಪಾಗುವುದು ದೋಸೆ, ಕಾಫಿ. ಇಂದು ನಾನು ಹೇಳಹೊರಟಿರುವುದು ರಾತ್ರಿ ತಂಗುವ ಹೋಟೆಲಿನ ವಿಚಾರ. ಎಂಟುನೂರು ವರ್ಷಕ್ಕೂ ಹಳೆಯ ಊರಿನ ನಡುವೆ ಆರು ಕೋಣೆಗಳ ಹೋಟೆಲೊಂದನ್ನು ಹೇಗೆ ರೂಪಿಸುವುದು? ಕಾಗದ, ಪೆನ್ಸಿಲ್ ಹತ್ತಿರವಿಟ್ಟುಕೊಳ್ಳಿ, ಸ್ವಲ್ಪ ಲೆಕ್ಕವಿದೆ.

ಊರು ರಾಜಸ್ಥಾನದ ಜೈಸಲ್ಮೇರ್. ರಾವಲ್ ಜೈಸಲ್ 1156ರಲ್ಲಿ ತ್ರಿಕೂಟ ಬೆಟ್ಟದ ಮೇಲೆ ಸ್ಥಾಪಿಸಿದ ಹಳದಿ ಮರಳುಗಲ್ಲಿನ ಕೋಟೆ ಅಲ್ಲಿದೆ. ಸತ್ಯಜಿತ್ ರಾಯ್ ಅವರ 1974ರ ‘ಸೋನಾರ್ ಕೆಲ್ಲಾ’ ಚಿತ್ರದಲ್ಲಿ ಕಾಣುವುದು ಇದೇ ಕೋಟೆ. ಇದರೊಳಗೆ ಇಂದಿಗೂ ಜನ ಸಂಸಾರ ಹೂಡಿಕೊಂಡಿದ್ದಾರೆ. ಓಣಿಗಳಿವೆ, ಜೈನ ಬಸದಿಗಳಿವೆ, ಮನೆಯನ್ನೇ ಹೋಟೆಲ್ ಮಾಡಿಕೊಂಡು ಪ್ರವಾಸಿಗರಿಂದ ಹೊಟ್ಟೆ ಹೊರೆಯುವವರಿದ್ದಾರೆ.

ವಿನ್ಯಾಸವೆಂದೊಡನೆ ನಮ್ಮ ಮನಸ್ಸು ಮುಂಭಾಗದ ಅಂದಕ್ಕೆ ಓಡುತ್ತದೆ. ಅದು ಅಲ್ಲಿ ಆಗಲೇ ಇದೆ. ಜಾಲಂಧ್ರದ ಗಾಳಿ, ನಡುವಂಗಳದ ನೆರಳು, ಬಿಸಿಲು ತಡೆಯುವ ದಪ್ಪ ಗೋಡೆ, ಇವನ್ನು ಕೆಡಿಸದಿದ್ದರೆ ಸಾಕು. ತಲೆ ಕೆಡಿಸಿಕೊಳ್ಳಬೇಕಾದದ್ದು ಬಚ್ಚಲಿನ ನೀರಿಗೆ!

ಈ ಮನೆಗಳು ಕಟ್ಟಿದ ಕಾಲದಲ್ಲಿ ಕುಡಿಯುವ ನೀರು ಕೆಳಗಿನ ಗಡಿಸರ್ ಕೆರೆಯಿಂದ ಕೊಡಗಳಲ್ಲಿ ಬರುತ್ತಿತ್ತು. ತಲೆಯ ಮೇಲೆ ಹೊತ್ತು ತಂದ ನೀರನ್ನು ಯಾರೂ ಚೆಲ್ಲುವುದಿಲ್ಲ. ವರ್ಷದ ಮಳೆ ಸುಮಾರು 200 ಮಿಲಿಮೀಟರ್ ಮಾತ್ರ. ಅದು ಹರಿದುಹೋಗಲು ಚರಂಡಿಗಳಿದ್ದವು. ಮರದ ತೊಲೆಗಳ ಮೇಲೆ ದಪ್ಪಗೆ ಮಣ್ಣು ಹಾಕಿದ ಮಾಳಿಗೆಗೆ ಅಷ್ಟು ಸಾಕಾಗಿತ್ತು. ಆಮೇಲೆ ನಲ್ಲಿ ಬಂತು, ಹಿಂದೆಯೇ ಷವರ್ ಮತ್ತು ಫ್ಲಷ್ ಬಂದವು.

ಈಗ ಲೆಕ್ಕ. ಆರು ಕೋಣೆ, ಹನ್ನೆರಡು ಜನ. ಸಾಧಾರಣ ಹೋಟೆಲಿಗೆ ದಿನಕ್ಕೆ ತಲಾ 180 ಲೀಟರ್ ಎಂಬುದು ನಮ್ಮ ಎಂಜಿನಿಯರುಗಳು ಹಿಡಿಯುವ ಅಂದಾಜು. ಒಟ್ಟು 2160 ಲೀಟರ್, ಅಂದರೆ ಎರಡು ಟನ್ನಿಗೂ ಮಿಕ್ಕಿದ ತೂಕ. ಇದರಲ್ಲಿ ಹತ್ತನೆಯ ಒಂದು ಪಾಲು ಸೋರುತ್ತದೆನ್ನೋಣ, ಅದೂ ವರ್ಷದ ಅರ್ಧ ದಿನಗಳಲ್ಲಿ ಮಾತ್ರ. ಸುಮಾರು 39,000 ಲೀಟರ್ ಆಯಿತು. ಮನೆಯ ವಿಸ್ತಾರ 100 ಚದರ ಮೀಟರ್ ಎಂದಿಟ್ಟುಕೊಂಡರೆ ಅದರ ಮೇಲೆ ಇಡೀ ವರ್ಷ ಬೀಳುವ ಮಳೆ 20,000 ಲೀಟರ್. ಸೋರಿಕೆಯೇ ಮಳೆಯ ಸುಮಾರು ಎರಡರಷ್ಟು! ಮಳೆನೀರಿನ ಹೆಚ್ಚು ಭಾಗ ಹರಿದೋ ಆರಿಯೋ ಹೋಗುತ್ತದೆ. ಇದು ಹಾಗಲ್ಲ, ನೇರ ಬುನಾದಿಗೆ ಇಳಿಯುತ್ತದೆ.

ಮರಳುಗಲ್ಲಿನ ರಂಧ್ರಗಳಲ್ಲಿ ಏರಿದ ನೀರು ಆರುವಾಗ ಕರಗಿದ ಉಪ್ಪು ಹರಳುಗಟ್ಟಿ ಕಲ್ಲನ್ನು ಪುಡಿ ಮಾಡುತ್ತದೆ. ಬೆಟ್ಟದಲ್ಲಿರುವ ಜೇಡಿಪದರ ನೆನೆದು ಉಬ್ಬಿ ಮೆತ್ತಗಾಗುತ್ತದೆ. ಮೇಲಿನ ಭಾರ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. 1990ರ ದಶಕದ ಕೊನೆಯ ಹೊತ್ತಿಗೆ ಕೆಲವು ಕೊತ್ತಲಗಳು ಕುಸಿದೇ ಹೋದವು. ನ್ಯೂಯಾರ್ಕಿನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 1996, 1998 ಮತ್ತು 2000ರಲ್ಲಿ ಈ ಕೋಟೆಯನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ಇದು ರಾಜಸ್ಥಾನದ ಇತರ ಐದು ಗಿರಿದುರ್ಗಗಳೊಡನೆ ವಿಶ್ವ ಪರಂಪರೆಯ ತಾಣವಾಯಿತು. ಬಿರುದು ಬಂದ ಮಾತ್ರಕ್ಕೆ ಬುನಾದಿ ಒಣಗುವುದಿಲ್ಲವಲ್ಲ.

ನನ್ನನ್ನು ಕೇಳಿದರೆ ಹೊಸ ಹೋಟೆಲನ್ನು ಬೆಟ್ಟದ ಕೆಳಗಿನ ಹಳೆಯ ಪೇಟೆಯಲ್ಲೇ ಮಾಡಬೇಕು. ಅಲ್ಲಿಯೂ ಚೆಲುವಾದ ಹವೇಲಿಗಳಿವೆ, ಕಿಟಕಿಯಿಂದ ಕೋಟೆಯೂ ಕಾಣುತ್ತದೆ. ಆದರೆ ಕೋಟೆಯೊಳಗಿನ ಕುಟುಂಬಗಳಿಗೆ ಈ ಮಾತು ಹೇಳುವುದು ಸುಲಭವಲ್ಲ. ತಲೆಮಾರುಗಳಿಂದ ಅಲ್ಲಿರುವವರನ್ನು ಗಿರಾಕಿ ಬಿಡಿ ಎನ್ನಲು ನಾವು ಯಾರು?

ಒಳಗೇ ಮಾಡುವುದಾದರೆ ಕೋಣೆಗೊಂದು ಬಚ್ಚಲೆಂಬ ಹಟ ಬಿಡಬೇಕು. ಬಚ್ಚಲುಗಳನ್ನು ಮಣ್ಣಿನ ಮಾಳಿಗೆಯ ಮೇಲೇರಿಸದೆ, ನೆಲದಲ್ಲಿ, ಓಣಿಯ ಚರಂಡಿಗೆ ಹತ್ತಿರವಾಗಿ ಒಂದೇ ಕಡೆ ಕೂಡಿಸಬೇಕು. ಷವರಿನ ಬದಲು ಬಕೆಟ್ಟು, ತಂಬಿಗೆ. ಬಿರುಕಿಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಸುಣ್ಣದ ಗಾರೆಯೇ ಲೇಸು.

ಇನ್ನು ಕೊಳವೆಗಳು. ಅವನ್ನು ಗೋಡೆಯೊಳಗೆ ಹುದುಗಿಸಬೇಡಿ, ಹೊರಗೇ ಕಾಣುವಂತೆ ಬಿಡಿ. ನೋಡಲು ಚೆಂದವಲ್ಲ, ಒಪ್ಪಿದೆ. ಹಳೆಯ ಕಟ್ಟಡಗಳನ್ನು ಚಿತ್ರಿಸುವಾಗ ಕೊಳವೆ ಚೌಕಟ್ಟಿನೊಳಗೆ ಬಾರದಂತೆ ಕ್ಯಾಮೆರಾ ಸರಿಸಲು ಹೇಳಿದವನು ನಾನೇ. ಈಗ ಅಂಥ ಕೊಳವೆ ಕಂಡರೆ ಅದನ್ನೇ ಹತ್ತಿರದಿಂದ ತೋರಿಸಿ ಎನ್ನುತ್ತೇನೆ. ಹೊರಗಿರುವ ಕೊಳವೆ ಸೋರಿದರೆ ಅದೇ ದಿನ ಮನೆಯವರ ಕಣ್ಣಿಗೆ ಬೀಳುತ್ತದೆ.