ಪಂಚಮಿ ಮುಗಿಸಿ ಹೊರಡಬೇಕಿದ್ದ ಪ್ರವಾಸ



ಶ್ರಾವಣ ಹತ್ತಿರ ಬಂತು ಅಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ನಮ್ಮ ಸಂಘಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಈ ಸಲವೂ ಎದ್ದಿದೆ. ಅದಕ್ಕೇ 2018ರಲ್ಲಿ ನಮ್ಮ ಸಂಘಕ್ಕೆ ಆದದ್ದನ್ನು ಹೇಳುತ್ತೇವೆ.

ಆ ವರ್ಷ ಆಗಸ್ಟ್ 15ಕ್ಕೆ ನಾಗರ ಪಂಚಮಿ. ಪಂಚಮಿ ಉಂಡಿ ಕಟ್ಟಿಕೊಂಡು 18ಕ್ಕೆ ಹೊರಡುವುದು, ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯ ನೋಡಿಕೊಂಡು ಸಂಪಾಜೆ ಮೇಲೆ ಮಡಿಕೇರಿಗೆ ಹೋಗಿ ಬರುವುದು ಅಂತ ಠರಾವು ಆಗಿತ್ತು. ಗಾಡಿಯವರಿಗೆ 8,000 ರೂಪಾಯಿ ಮುಂಗಡವೂ ಕೊಟ್ಟಿದ್ದೆವು. ನಮ್ಮಲ್ಲಿ ಅರ್ಧ ಮಂದಿ ಘಟ್ಟ ನೋಡಿದವರೇ ಅಲ್ಲ.

16, 17ನೇ ತಾರೀಖು ಟಿ.ವಿ. ಹಚ್ಚಿದರೆ ಬರೀ ಕೊಡಗು. ಜೋಡುಪಾಲ, ಮದೆನಾಡು, ಮಕ್ಕಂದೂರು ಕಡೆ ಗುಡ್ಡವೇ ಜಾರಿ ಮನೆಗಳ ಮೇಲೆ ಬಂದಿತ್ತು. ನಾವು ಹೋಗಬೇಕಿದ್ದ ಸಂಪಾಜೆ-ಮಡಿಕೇರಿ ರಸ್ತೆ ಕುಸಿದಿತ್ತು. ಶಿರಾಡಿ ಘಾಟಿ ಬಂದ್, ಸಕಲೇಶಪುರ-ಸುಬ್ರಹ್ಮಣ್ಯ ನಡುವಿನ ರೈಲೂ ಬಂದ್.

ರಾತ್ರಿ ಸಭೆ ಕೂಡಿದೆವು. "ನಮ್ಮ ಕಡೆ ಹನಿ ಮಳಿ ಇಲ್ಲ, ಎಲ್ಲೋ ಮಳಿ ಅಂತ ಹೆದರಿ ಮನ್ಯಾಗ ಕೂಡೂದೇನು?" ಅಂದರು ಕೆಲವರು. ಅವರ ತಪ್ಪಲ್ಲ. ಬಿಸಿಲಲ್ಲಿ ಬೆಳೆದ ನಮಗೆ ಘಟ್ಟದ ಮಳೆ ಅಂದಾಜಿಗೆ ಸಿಗುವುದಿಲ್ಲ. ಆದರೆ ತುಂಗಾ, ಭದ್ರಾ ಎರಡೂ ಘಟ್ಟದ ಗಂಗಾಮೂಲದಲ್ಲೇ ಹುಟ್ಟುತ್ತವೆ. ಮುನಿರಾಬಾದಿನಲ್ಲಿ ಡ್ಯಾಮಿನ ಗೇಟು ಎತ್ತಿದರು ಅಂದರೆ ಮೇಲೆ ಜೋರು ಮಳೆ ಆಗಿದೆ ಅಂತಲೇ ತಿಳಿಯಬೇಕು, ಇಲ್ಲಿ ಧೂಳು ಹಾರುತ್ತಿದ್ದರೂ. ಮರುವರ್ಷ, 2019ರ ಆಗಸ್ಟ್‌ನಲ್ಲಿ, ನಮ್ಮ ಗಂಗಾವತಿ ಕಡೆಯ ವಿರೂಪಾಪುರ ಗಡ್ಡಿಯಲ್ಲೇ ಪ್ರವಾಸಿಗರು ನದಿ ನೀರಿನ ನಡುವೆ ಸಿಕ್ಕಿಬಿದ್ದರು. ಅವರನ್ನು ಕರೆತರಲು ಹೋದ ಬೋಟೇ ಮಗುಚಿತು.

ಗಾಡಿಯವರು ಮುಂಗಡ ವಾಪಸ್ ಕೊಡುವುದಿಲ್ಲ ಅಂದರು. ನಮ್ಮ ಹತ್ತಿರ ಚೀಟಿ ಸಹಿತ ಇರಲಿಲ್ಲ, ಬಾಯಿಮಾತಿನ ವ್ಯವಹಾರ. ಕೊನೆಗೆ 2,000 ಅವರಿಗೆ ಬಿಟ್ಟು, ಉಳಿದದ್ದನ್ನು ಮುಂದಿನ ಪ್ರವಾಸಕ್ಕೆ ಹಿಡಿಯುವುದು ಅಂತ ಮುಗಿಯಿತು. ಹಾನಿಯನ್ನು ಎಲ್ಲರೂ ಸಮ ಹಂಚಿಕೊಂಡೆವು. ಹೋಗುವುದು ಬ್ಯಾಡ ಅಂದವರ ತಲೆಗೆ ಹಾಕಲಿಲ್ಲ.

ರೊಕ್ಕಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಒಬ್ಬ ತಂಗಿ ಸಭೆಯಲ್ಲೇ ಅತ್ತಳು: "ಮನ್ಯಾಗ ಒಂದ ಸಲ ಹೂಂ ಅಂದಾರ್ರಿ. ಮತ್ತ ಕೇಳಾಕ ನನಗ ಬಾಯಿ ಬರಂಗಿಲ್ಲ." ಅದಕ್ಕೆ ಆ ಹೊತ್ತು ಯಾರ ಹತ್ತಿರವೂ ಉತ್ತರ ಇರಲಿಲ್ಲ. ಜನವರಿಯಲ್ಲಿ ಮಡಿಕೇರಿ ಬಿಟ್ಟು ಧರ್ಮಸ್ಥಳ, ಕುಕ್ಕೆ ಅಷ್ಟೇ ಮುಗಿಸಿ ಬಂದೆವು. ಅವಳು ಬರಲಿಲ್ಲ. ಅವಳ ಪಾಲಿನ ಹಣ ತಿರುಗಿ ಕೊಟ್ಟೆವು. ಆದರೆ ನಾವು ನಾಲ್ಕು ಮಂದಿ ಮೊದಲೇ ಅವಳ ಮನೆಗೆ ಹೋಗಿ ಅತ್ತೆಯವರ ಹತ್ತಿರ ಮಾತಾಡಬೇಕಿತ್ತು, ಹೋಗಲಿಲ್ಲ. ಇದು ನಮ್ಮ ತಪ್ಪೇ.

ಈ ಸಲ ಕೆಲವರು ಜುಲೈದಾಗ ಗೋಕರ್ಣ, ಮುರ್ಡೇಶ್ವರ ಅನ್ನುತ್ತಿದ್ದಾರೆ. ಅದೇ ಹಾದಿಯಲ್ಲಿ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿ ಬದಿಯ ಚಹಾ ಅಂಗಡಿಯ ಮೇಲೆ ಗುಡ್ಡ ಬಿತ್ತು. ಅಂಗಡಿಯವರ ಕುಟುಂಬವೂ ಹೋಯಿತು, ದಾರಿಹೋಕ ಚಾಲಕರೂ ಹೋದರು. ಹೋಗುವುದೇ ಆದರೆ ದೀಪಾವಳಿ ದಾಟಲಿ. ಮಳೆಗೆ ರಸ್ತೆ ಬಂದ್ ಆದರೆ ಮುಂಗಡದಲ್ಲಿ ಎಷ್ಟು ತಿರುಗಿ ಬರುತ್ತದೆ ಅನ್ನುವುದನ್ನು ಗಾಡಿಯವರ ಚೀಟಿಯಲ್ಲಿ ಬರೆಸಿ, ಠರಾವು ಪುಸ್ತಕದಲ್ಲೂ ಬರೆಯಿರಿ. ಓದಾಕ ಬರದವರಿಗೆ ಅದನ್ನು ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಿ.

ನಮ್ಮ ಸಂಘ ಡಿಸೆಂಬರಿಗೆ ಇಟ್ಟುಕೊಂಡಿದೆ. ಆ ತಂಗಿಯ ಮನೆಗೆ ಮೊನ್ನೆ ಹೋಗಿ ಬಂದೆವು. ಅತ್ತೆಯವರು, "ನನ್ನನ್ನೂ ಕರಕೊಂಡು ಹೋಗ್ತೀರೇನ್ರಿ?" ಅಂತ ಕೇಳಿದರು. ಇಬ್ಬರ ಹೆಸರೂ ಬರೆದುಕೊಂಡಿದ್ದೇವೆ. ಗಾಡಿ ಇನ್ನೂ ಗೊತ್ತು ಮಾಡಿಲ್ಲ.