ಬಾಗಿಲು ಮುಚ್ಚುವ ಮುಂಚಿನ ದುಡಿಮೆ



ಗಗನಸಖಿ. ಎಷ್ಟು ಇಂಪಾದ ಪದ! ಆದರೆ ಸಖ್ಯಕ್ಕೆ ಯಾರೂ ಕೂಲಿ ಕೇಳುವುದಿಲ್ಲ, ಕೊಡುವುದೂ ಇಲ್ಲ. ಆ ಹೆಸರಿನ ಇಂಪಿನಲ್ಲಿ ಅದೊಂದು ದುಡಿಮೆ ಎಂಬುದೇ ನಮಗೆ ಮರೆತುಹೋಗಿದೆ. ಆ ಕೆಲಸದಲ್ಲಿ ಗಂಡಸರೂ ಇದ್ದಾರೆ ಎಂಬುದು ಕೂಡ.

ಉತ್ತರ ಅಮೆರಿಕದ ಹಲವು ವಿಮಾನ ಕಂಪನಿಗಳಲ್ಲಿ ಬಹುಕಾಲದಿಂದ ಒಂದು ಪದ್ಧತಿಯಿದೆ. ಕ್ಯಾಬಿನ್ ಸಿಬ್ಬಂದಿಯ ಸಂಬಳದ ಗಡಿಯಾರ ಓಡಲು ತೊಡಗುವುದು ಬಾಗಿಲು ಮುಚ್ಚಿ ವಿಮಾನ ಕದಲಿದ ಮೇಲೆ. ಅದಕ್ಕೂ ಮೊದಲು ಅವರು ಬಂದು ಆಮ್ಲಜನಕದ ಸಿಲಿಂಡರು, ಬೆಂಕಿ ಆರಿಸುವ ಉಪಕರಣ, ತುರ್ತು ಬಾಗಿಲುಗಳನ್ನೆಲ್ಲ ನೋಡಿರುತ್ತಾರೆ. ಆಮೇಲೆ ಜನ ಒಳಗೆ ಬರುತ್ತಾರೆ. ಗಾಲಿಕುರ್ಚಿಯ ಅಜ್ಜ, ಅಳುವ ಕೂಸು, ಮೇಲಿನ ಗೂಡಿಗೆ ಹಿಡಿಸದ ಪೆಟ್ಟಿಗೆ, ಸೀಟು ಬದಲಿಸಿಕೊಡಿ ಎನ್ನುವ ಜಗಳ. ಇಡೀ ಪ್ರಯಾಣದಲ್ಲಿ ಇಷ್ಟು ಗಡಿಬಿಡಿಯ ಹೊತ್ತು ಇನ್ನೊಂದಿಲ್ಲ. ಆ ಹೊತ್ತಿಗೇ ಸಂಬಳವಿಲ್ಲ.

2022ರಲ್ಲಿ ಅಮೆರಿಕದ ಡೆಲ್ಟಾ ಕಂಪನಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಸಮಯಕ್ಕೆ ಅರ್ಧ ದರದ ಸಂಬಳ ಕೊಡತೊಡಗಿತು. 2025ರ ಆಗಸ್ಟ್ 16ರಂದು ಏರ್ ಕೆನಡಾದ 10,000ಕ್ಕೂ ಹೆಚ್ಚು ಸಿಬ್ಬಂದಿ ಇದೇ ಪ್ರಶ್ನೆಯನ್ನು ಮುಂದಿಟ್ಟು ಮುಷ್ಕರ ಹೂಡಿದರು. ಕೆಲಸಕ್ಕೆ ಮರಳಿರಿ ಎಂಬ ಆದೇಶ ಬಂತು, ಸಿಬ್ಬಂದಿಯ ಸಂಘ ಜಗ್ಗಲಿಲ್ಲ. ಆಗಸ್ಟ್ 19ರಂದು ಒಪ್ಪಂದವಾಗಿ, ನೆಲದ ಮೇಲಿನ ದುಡಿಮೆಗೂ ಅರ್ಧ ದರದಿಂದ ಆರಂಭಿಸಿ ಸಂಬಳ ಕೊಡಲು ಕಂಪನಿ ಒಪ್ಪಿತು. ಒಪ್ಪಂದದ ವೇತನದ ಭಾಗವನ್ನು ಮಾತ್ರ ಮತ ಹಾಕಿದ ಸದಸ್ಯರಲ್ಲಿ ಶೇಕಡಾ 99ರಷ್ಟು ಮಂದಿ ತಿರಸ್ಕರಿಸಿದರು.

ಚಹಾ ಕೊಡುವ ಕೆಲಸಕ್ಕೆ ಇಷ್ಟೆಲ್ಲ ಏಕೆ ಎನ್ನುವವರಿಗೆ 2024ರ ಜನವರಿ 2ರ ಸಂಜೆಯನ್ನು ನೆನಪಿಸುತ್ತೇನೆ. ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಕಾವಲು ಪಡೆಯ ಐವರು ತೀರಿಕೊಂಡರು. ದೊಡ್ಡ ವಿಮಾನದೊಳಗೆ ಹೊಗೆ ತುಂಬಿತ್ತು, ಧ್ವನಿವರ್ಧಕ ಕೈಕೊಟ್ಟಿತ್ತು. ಎಂಟು ಬಾಗಿಲುಗಳಲ್ಲಿ ಬಳಸಲು ಬಂದದ್ದು ಮೂರೇ. ಸಿಬ್ಬಂದಿ ಕೂಗಿ ಕೂಗಿ ದಾರಿ ತೋರಿದರು. ಒಳಗಿದ್ದ 379 ಜನರೂ ಬದುಕಿ ಹೊರಬಂದರು.

ನಮ್ಮ ದೇಶದ ಕಥೆಯೂ ಹಗುರವಾದದ್ದಲ್ಲ. ಏರ್ ಇಂಡಿಯಾದಲ್ಲಿ ಗಗನಸಖಿಯೊಬ್ಬಳು ಮೊದಲ ಸಲ ಬಸಿರಾದರೆ ಕೆಲಸ ಕಳೆದುಕೊಳ್ಳಬೇಕಿತ್ತು. ನರ್ಗೇಶ್ ಮೀರ್ಜಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1981ರಲ್ಲಿ ಆ ನಿಯಮವನ್ನು ಕಿತ್ತುಹಾಕಿತು. ಆದರೆ ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದೆಂಬ ನಿಯಮವನ್ನು ಎತ್ತಿಹಿಡಿಯಿತು. ಆ ತೀರ್ಪಿನ ಅರ್ಧ ನ್ಯಾಯ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ನೆಲದ ದುಡಿಮೆಗೆ ಅರ್ಧ ಸಂಬಳ ಎಂಬುದೂ ಅಂಥದೇ ಅರ್ಧ ನ್ಯಾಯ. ಸಿಬ್ಬಂದಿ ನಿಲ್ದಾಣದಲ್ಲಿ ಹಾಜರಿ ಹಾಕಿದ ನಿಮಿಷದಿಂದ, ಕೊನೆಯ ಪ್ರಯಾಣಿಕ ಇಳಿದುಹೋಗುವ ನಿಮಿಷದವರೆಗೆ ಅವರಿಗೆ ಪೂರ್ತಿ ಸಂಬಳ ಸಲ್ಲಬೇಕು.